ಒಂದೊಂದು ಅಗುಳನ್ನೂ ಹಿಸುಕಿ ನೋಡುವ ವಿದ್ಯೆ

ಅನ್ನ ಬೆಂದಿದೆಯೇ ಎಂದು ತಿಳಿಯಲು ಯಾರೂ ಇಡೀ ಪಾತ್ರೆಯನ್ನು ಬಗ್ಗಿಸುವುದಿಲ್ಲ. ಸೌಟಿನ ತುದಿಗೆ ನಾಲ್ಕು ಅಗುಳು ತಂದು, ಒಂದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಸುಕಿದರೆ ಆಯಿತು. ಒಳಗೆ ಗಟ್ಟಿ ಉಳಿದಿದ್ದರೆ ಇನ್ನೊಂದು ಕುದಿ ಬೇಕು, ನುಣ್ಣಗೆ ನುರಿದರೆ ಇಳಿಸಬಹುದು. ಈ ಪರೀಕ್ಷೆಯ ಹಿಂದೆ ಒಂದು ನಂಬಿಕೆಯಿದೆ. ಪಾತ್ರೆಯ ಅಗುಳುಗಳೆಲ್ಲ ಒಂದೇ ಅಕ್ಕಿಯವು ಎಂಬ ನಂಬಿಕೆ ಅದು. ಹಳೆಯ ಅಕ್ಕಿಗೆ ಹೊಸ ಅಕ್ಕಿ ಬೆರೆತಿದ್ದರೆ ಪರೀಕ್ಷೆ ಕೈಕೊಡುತ್ತದೆ; ಒಂದು ಅಗುಳು ಮುದ್ದೆಯಾಗಿರುತ್ತದೆ, ಪಕ್ಕದ್ದು ಇನ್ನೂ ನುಚ್ಚಿನಂತಿರುತ್ತದೆ.

ಇಂದಿನ ವಸ್ತುಗಳಲ್ಲಿ ಈ ಬೆರಕೆಯೇ ಸಾಮಾನ್ಯ. ಮಾತ್ರೆಯೊಂದರಲ್ಲಿ ಔಷಧದ ಹರಳುಗಳೂ ಹರಳಾಗದ ಔಷಧವೂ ಅಂಟಿನ ಪಾಲಿಮರ್ ಕೂಡ ಒಟ್ಟಿಗಿರುತ್ತವೆ. ಹಾಲಿನ ಪೊಟ್ಟಣದ ಹಾಳೆಯಂಥದ್ದೂ ಹಲವು ಪದರಗಳ ಜೋಡಣೆ. ಬಣ್ಣ, ರಬ್ಬರು, ಕಂಪ್ಯೂಟರ್ ಚಿಪ್ಪು, ಅಂಟು, ಇವೆಲ್ಲವೂ ಒಳಗೊಳಗೆ ಹಲವು ನೆರೆಹೊರೆಗಳ ಊರುಗಳು. ಇವುಗಳ ಉಷ್ಣಗುಣವನ್ನು ಅಳೆಯಲು ಪ್ರಯೋಗಾಲಯಗಳು ದಶಕಗಳಿಂದ ನೆಚ್ಚಿಕೊಂಡಿರುವ ಉಪಕರಣ ಡಿಫರೆನ್ಷಿಯಲ್ ಸ್ಕ್ಯಾನಿಂಗ್ ಕ್ಯಾಲೊರಿಮೀಟರ್. 1962ರಲ್ಲಿ ಅಮೆರಿಕದ ಪರ್ಕಿನ್-ಎಲ್ಮರ್ ಕಂಪನಿಯ ವಾಟ್ಸನ್ ಮತ್ತು ಓ'ನೀಲ್ ರೂಪಿಸಿದ ಈ ಯಂತ್ರಕ್ಕೆ ಕೆಲವು ಮಿಲಿಗ್ರಾಂ ಮಾದರಿ ಸಾಕು. ಅದನ್ನು ಪುಟ್ಟ ಅಲ್ಯೂಮಿನಿಯಂ ತಟ್ಟೆಯಲ್ಲಿಟ್ಟು ನಿಧಾನವಾಗಿ ಕಾಯಿಸಿದರೆ, ಎಷ್ಟು ಡಿಗ್ರಿಯಲ್ಲಿ ಎಷ್ಟು ಉಷ್ಣ ಹೀರಿತು ಎಂಬ ಗೆರೆ ಬರುತ್ತದೆ. ಗೆರೆಯಲ್ಲಿ ಎರಡು ಗುಂಡಿಗಳು ಕಂಡರೆ ಎರಡು ಪದಾರ್ಥಗಳಿವೆ ಎಂದು ಗೊತ್ತಾಗುತ್ತದೆ. ಯಾವುದು ಎಲ್ಲಿದೆ ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಇಡೀ ಪಾತ್ರೆಯನ್ನು ಕಲಸಿ ಒಂದೇ ಉತ್ತರ ಕೊಡುವ ಯಂತ್ರ ಅದು.

ದೂರದಿಂದಲೇ ನೋಡಬಹುದಲ್ಲ, ಥರ್ಮಲ್ ಕ್ಯಾಮೆರಾ ಇದೆಯಲ್ಲ ಎಂದು ಕೇಳಬಹುದು. ಕೋಣೆಯ ಉಷ್ಣಾಂಶದಲ್ಲಿರುವ ವಸ್ತು ಅತಿ ಹೆಚ್ಚಾಗಿ ಸೂಸುವ ಅವಗೆಂಪು ಕಿರಣದ ತರಂಗದೂರ ಸುಮಾರು 10 ಮೈಕ್ರೋಮೀಟರ್. ಅದಕ್ಕಿಂತ ತೀರ ಸಣ್ಣ ವಿವರವನ್ನು ಆ ಬೆಳಕು ತೋರಿಸಲಾರದು. ಕಣ್ಣಿಗೆ ಕಾಣುವ ಬೆಳಕಿನ ಪ್ರತಿಫಲನದಿಂದ ಅಳೆಯುವ ವಿಧಾನಗಳು ಇನ್ನಷ್ಟು ಹತ್ತಿರ ಹೋಗುತ್ತವೆ, ಆದರೂ ಅರ್ಧ ಮೈಕ್ರೋಮೀಟರಿನ ಆಸುಪಾಸಿನಲ್ಲಿ ಅವೂ ನಿಲ್ಲುತ್ತವೆ. ಇಂದಿನ ಟ್ರಾನ್ಸಿಸ್ಟರಿನ ಜೀವ ಇರುವುದು ಹತ್ತಾರು ನ್ಯಾನೋಮೀಟರುಗಳಲ್ಲಿ. ಅಷ್ಟು ಚಿಕ್ಕ ಜಾಗದ ಬಿಸಿ ತಿಳಿಯಬೇಕಾದರೆ ಮುಟ್ಟಿಯೇ ನೋಡಬೇಕು. ಮುಟ್ಟಲು ಅಷ್ಟೇ ಚಿಕ್ಕ ಬೆರಳು ಬೇಕು.

ಆ ಬೆರಳು ಹುಟ್ಟಿದ್ದು ಬೇರೊಂದು ಉದ್ದೇಶಕ್ಕೆ. 1980ರ ದಶಕದ ಆರಂಭದಲ್ಲಿ ಐಬಿಎಂನ ಜ್ಯೂರಿಕ್ ಪ್ರಯೋಗಾಲಯದಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಚ್ ರೋರರ್ ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕವನ್ನು ಕಟ್ಟಿದರು. ಚೂಪಾದ ಲೋಹದ ಮೊನೆಯನ್ನು ಮೇಲ್ಮೈಗೆ ಇನ್ನೇನು ತಾಗಬೇಕು ಎನ್ನುವಷ್ಟು ಹತ್ತಿರ ತಂದು, ನಡುವೆ ಜಿಗಿಯುವ ವಿದ್ಯುತ್ತನ್ನು ಅಳೆಯುತ್ತ ಪರಮಾಣುಗಳ ಏರುತಗ್ಗನ್ನು ಬರೆಯುವ ಯಂತ್ರ ಅದು. 1986ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ವಿದ್ಯುತ್ ಹರಿಯದ ವಸ್ತುವಿನ ಮೇಲೆ ಆ ಯಂತ್ರ ಕುರುಡು. ಅದೇ ವರ್ಷ ನ್ಯೂಯಾರ್ಕ್ ರಾಜ್ಯದ ಯಾರ್ಕ್‌ಟೌನ್ ಹೈಟ್ಸ್‌ನಲ್ಲಿರುವ ಐಬಿಎಂ ಪ್ರಯೋಗಾಲಯದ ಕ್ಲೇಟನ್ ವಿಲಿಯಮ್ಸ್ ಮತ್ತು ಕುಮಾರ್ ವಿಕ್ರಮಸಿಂಘೆ, ವಿದ್ಯುತ್ತಿನ ಬದಲು ಉಷ್ಣವನ್ನೇ ದೂತನನ್ನಾಗಿ ಮಾಡಿಕೊಂಡರು. ಟಂಗ್‌ಸ್ಟನ್ ಮೊನೆಯ ತುದಿಯಲ್ಲಿ ಸುಮಾರು 100 ನ್ಯಾನೋಮೀಟರ್ ಗಾತ್ರದ ಥರ್ಮೋಕಪಲ್ ಎಂಬ ತಾಪಮಾಪಕವನ್ನು ಬೆಸೆದು, ಅದನ್ನು ತುಸು ಕಾಯಿಸಿ, ಮೇಲ್ಮೈಯತ್ತ ಇಳಿಸಿದರು. ಹತ್ತಿರವಾದಷ್ಟೂ ಮೊನೆ ತಣ್ಣಗಾಗುತ್ತದೆ. ತಣಿವು ಒಂದೇ ಸಮ ಇರುವಂತೆ ಮೊನೆಯನ್ನು ಏರಿಸುತ್ತ ಇಳಿಸುತ್ತ ಹೋದರೆ ಮೇಲ್ಮೈಯ ಆಕಾರ ಸಿಗುತ್ತದೆ. ಅವರಿಗೆ ಬೇಕಿದ್ದದ್ದು ಏರುತಗ್ಗಿನ ನಕ್ಷೆ, ಉಷ್ಣದ ನಕ್ಷೆಯಲ್ಲ. ಅದೇ 1986ರಲ್ಲಿ ಬಿನ್ನಿಗ್, ಕ್ವೇಟ್ ಮತ್ತು ಗೆರ್ಬರ್ ಪರಮಾಣು ಬಲ ಸೂಕ್ಷ್ಮದರ್ಶಕವನ್ನು ಪ್ರಕಟಿಸಿದ ಮೇಲೆ ಏರುತಗ್ಗು ನೋಡಲು ಉಷ್ಣದ ಹಂಗೇ ಬೇಡವಾಯಿತು. ಆಗ ಉಷ್ಣದ ಮೊನೆಗೆ ತನ್ನದೇ ಕೆಲಸ ಸಿಕ್ಕಿತು.

ಅದನ್ನು ಪರಮಾಣು ಬಲ ಸೂಕ್ಷ್ಮದರ್ಶಕದ ಬಾಗುವ ಕಡ್ಡಿಗೆ, ಅಂದರೆ ಕ್ಯಾಂಟಿಲಿವರಿಗೆ, ಕೂರಿಸಿದವರಲ್ಲಿ ಅರುಣ್ ಮಜುಂದಾರ್ ಪ್ರಮುಖರು. ಮುಂಬಯಿ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋದ ಅವರ ತಂಡ 1993ರಲ್ಲಿ ಥರ್ಮೋಕಪಲ್ ತಂತಿಯನ್ನೇ ಕಡ್ಡಿಯಾಗಿಸಿ, ಕೆಲಸ ಮಾಡುತ್ತಿರುವ ಟ್ರಾನ್ಸಿಸ್ಟರಿನ ಬಿಸಿಯನ್ನು ಚಿತ್ರಿಸಿತು. ಆಕಾರ ಒಂದು ಚಿತ್ರ, ಬಿಸಿ ಇನ್ನೊಂದು ಚಿತ್ರ, ಎರಡೂ ಒಂದೇ ನಡಿಗೆಯಲ್ಲಿ. ಸ್ಕ್ಯಾನಿಂಗ್ ಥರ್ಮಲ್ ಮೈಕ್ರೋಸ್ಕೋಪಿ ಎಂಬ ಈ ವಿದ್ಯೆ ಇಂದಿಗೂ ಇದೇ ಅಚ್ಚಿನಲ್ಲಿದೆ.

ಮುಂದೆ ಹೋಗುವ ಮೊದಲು ಎರಡು ಪದಗಳನ್ನು ಬೇರೆ ಮಾಡಿಕೊಳ್ಳಬೇಕು. ನಮ್ಮ ಶಾಲಾ ಪುಸ್ತಕಗಳು ‘ಉಷ್ಣ’ ಎಂದೂ ‘ತಾಪ’ ಎಂದೂ ಕಲಿಸಿದ ಪದಗಳು ಅವು. ಮಾತಿನಲ್ಲಿ ಎರಡನ್ನೂ ‘ಬಿಸಿ’ ಎಂದು ಮುಗಿಸಿಬಿಡುತ್ತೇವೆ. ಮಾಗಿಯ ಬೆಳಗ್ಗೆ ಕಡಪ ಕಲ್ಲಿನ ನೆಲಕ್ಕೆ ಕಾಲಿಟ್ಟರೆ ಜುಮ್ಮೆನ್ನುತ್ತದೆ, ಪಕ್ಕದ ಚಾಪೆ ಬೆಚ್ಚಗೆನಿಸುತ್ತದೆ. ಎರಡರ ತಾಪವೂ ಒಂದೇ. ಕಲ್ಲು ನಮ್ಮ ಪಾದದ ಉಷ್ಣವನ್ನು ಬೇಗ ಸೆಳೆದುಕೊಳ್ಳುತ್ತದೆ, ಚಾಪೆ ಸೆಳೆಯುವುದಿಲ್ಲ, ಅಷ್ಟೇ. ಪಾದ ತಾಪಮಾಪಕವಲ್ಲ, ಅದು ಅರಿಯುವುದು ಉಷ್ಣದ ಹರಿವನ್ನು. ಸೂಕ್ಷ್ಮದರ್ಶಕದ ಮೊನೆಯೂ ಹಾಗೆಯೇ. ಅದು ಹೇಳಬಲ್ಲದ್ದು ತನ್ನ ತಾಪವನ್ನು ಮಾತ್ರ. ಮೇಲ್ಮೈಯ ತಾಪ ಎಷ್ಟು, ವಾಹಕತೆ ಎಷ್ಟು ಎಂಬುದನ್ನು ನಾವು ಅದರಿಂದ ಊಹಿಸಿಕೊಳ್ಳಬೇಕು. ಈ ಕ್ಷೇತ್ರದ ಸುಮಾರು ನಾಲ್ಕು ದಶಕಗಳ ಏಳುಬೀಳನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಮೊನೆಯನ್ನು ‘ಇಲ್ಲಿ ತಾಪ ಎಷ್ಟು’ ಎಂದು ಕೇಳಿದಾಗೆಲ್ಲ ಅದು ತಡವರಿಸಿದೆ, ‘ಇಲ್ಲಿರುವ ವಸ್ತು ಯಾವಾಗ ಮೆತ್ತಗಾಗುತ್ತದೆ’ ಎಂದು ಕೇಳಿದಾಗ ಖಚಿತವಾಗಿ ಉತ್ತರಿಸಿದೆ.

ಎರಡನೆಯ ಪ್ರಶ್ನೆಯನ್ನು ಚೆನ್ನಾಗಿ ಕೇಳಿದವರು ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಆಝೆದ್ದೀನ್ ಹಮ್ಮಿಶ್, ಹ್ಯೂಬರ್ಟ್ ಪೊಲಾಕ್ ಮತ್ತು ಅವರೊಂದಿಗೆ ದುಡಿದ ಮೈಕ್ ರೀಡಿಂಗ್. ಅವರು ಬಳಸಿದ ತಂತಿಗೆ ಬಲು ಹಳೆಯ ಇತಿಹಾಸವಿದೆ. 1813ರಲ್ಲಿ ವಿಲಿಯಂ ಹೈಡ್ ವೊಲಾಸ್ಟನ್ ಎಂಬ ರಸಾಯನವಿಜ್ಞಾನಿ ಕೂದಲಿಗಿಂತ ತೆಳುವಾದ ಪ್ಲಾಟಿನಂ ತಂತಿ ಎಳೆಯುವ ಉಪಾಯ ಪ್ರಕಟಿಸಿದ್ದ. ಪ್ಲಾಟಿನಂ ಎಳೆಯ ಸುತ್ತ ಬೆಳ್ಳಿ ಹೊದಿಸಿ, ಎರಡನ್ನೂ ಒಟ್ಟಿಗೆ ಎಳೆದು ಸಣ್ಣ ಮಾಡಿ, ಕೊನೆಗೆ ಬೆಳ್ಳಿಯನ್ನು ಆಮ್ಲದಲ್ಲಿ ಕರಗಿಸುವುದು ಆ ಉಪಾಯ. ಉಷ್ಣದ ಮೊನೆಗೆ ಬೇಕಾದದ್ದೂ ಇಂಥ ತಂತಿಯೇ. ಸುಮಾರು 75 ಮೈಕ್ರೋಮೀಟರ್ ದಪ್ಪದ ಬೆಳ್ಳಿಯ ಒಳಗೆ, ರೋಡಿಯಂ ಬೆರೆತ ಪ್ಲಾಟಿನಂನ 5 ಮೈಕ್ರೋಮೀಟರ್ ಎಳೆ. ತಂತಿಯನ್ನು ಇಕ್ಕಳದಂತೆ ಬಾಗಿಸಿ, ಬಾಗಿನ ತುದಿಯಲ್ಲಷ್ಟೇ ಬೆಳ್ಳಿಯನ್ನು ಕರಗಿಸಿ ತೆಗೆದರೆ ಮೊನೆ ಸಿದ್ಧ. ವಿದ್ಯುತ್ ಹರಿಸಿದರೆ ಅದೇ ಒಲೆ. ತಾಪದೊಂದಿಗೆ ಅದರ ವಿದ್ಯುತ್ ರೋಧ ಬದಲಾಗುವುದರಿಂದ ಅದೇ ತಾಪಮಾಪಕ. ಕೈಯಲ್ಲಿ ಮಾಡುವ ಈ ಮೊನೆ ಒರಟು, ಒಂದು ಮೈಕ್ರೋಮೀಟರಿಗಿಂತ ಚಿಕ್ಕದನ್ನು ಅದು ಚೆನ್ನಾಗಿ ಕಾಣದು. ಆದರೆ ಗಟ್ಟಿಮುಟ್ಟು.

1996ರ ಸುಮಾರಿಗೆ ಈ ತಂಡ ಅದರೊಂದಿಗೆ ಮಾಡಿದ್ದು ಅಗುಳು ಹಿಸುಕುವ ಕೆಲಸವನ್ನೇ. ಮೊದಲು ಮೇಲ್ಮೈಯ ಚಿತ್ರ ತೆಗೆಯುವುದು. ಅದರಲ್ಲಿ ಕುತೂಹಲದ ಬಿಂದುವೊಂದನ್ನು ಆರಿಸಿ ಮೊನೆಯನ್ನು ಅಲ್ಲಿ ಮೆಲ್ಲಗೆ ಒತ್ತಿ ನಿಲ್ಲಿಸುವುದು. ಬಳಿಕ ಮೊನೆಯನ್ನು ಸೆಕೆಂಡಿಗೆ ಹತ್ತೋ ಇಪ್ಪತ್ತೋ ಡಿಗ್ರಿಯಂತೆ ಕಾಯಿಸುವುದು. ಅಡಿಯ ವಸ್ತು ಹಿಗ್ಗುತ್ತ ಮೊನೆಯನ್ನು ಮೇಲೆತ್ತುತ್ತದೆ. ಒಂದು ತಾಪದಲ್ಲಿ ಮಾತ್ರ ಅದರ ಬಿಗಿ ಸಡಿಲುತ್ತದೆ, ಮೊನೆ ಕುಸಿಯುತ್ತದೆ. ಕಡ್ಡಿಯ ಬಾಗಿನ ಗೆರೆಯಲ್ಲಿ ಆ ಕುಸಿತ ಬೆಟ್ಟ ಇಳಿದಂತೆ ಎದ್ದು ಕಾಣುತ್ತದೆ. ಪಾಲಿಕಾಪ್ರೊಲ್ಯಾಕ್ಟೋನ್ ಆದರೆ 55 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಪಾಲಿಎಥಿಲೀನ್ ಆದರೆ 116, ನೀರಿನ ಬಾಟಲಿಯ ಪಿಇಟಿ ಆದರೆ 235. ಈ ಮೂರನ್ನೇ ಮೊನೆಗಳನ್ನು ಸರಿತೂಗಿಸಲು ಅಳತೆಗಲ್ಲಾಗಿ ಬಳಸುವ ರೂಢಿಯೂ ಬೆಳೆಯಿತು. ಪಕ್ಕದಲ್ಲಿ ಇನ್ನೊಂದು ಮೊನೆಯನ್ನು ಗಾಳಿಯಲ್ಲಿ ತೂಗಿಬಿಟ್ಟು, ಎರಡಕ್ಕೂ ಬೇಕಾಗುವ ವಿದ್ಯುಚ್ಛಕ್ತಿಯ ವ್ಯತ್ಯಾಸ ನೋಡಿದರೆ ಕರಗುವಾಗ ಹೀರಿದ ಉಷ್ಣದ ಸುಳಿವೂ ಸಿಗುತ್ತದೆ. ಮೈಕ್ರೋ ಥರ್ಮಲ್ ಅನಾಲಿಸಿಸ್ ಎಂಬ ಹೆಸರು ನಿಂತದ್ದು ಹೀಗೆ.

ಇದು ಬರಿಯ ಪ್ರದರ್ಶನವಾಗಿ ಉಳಿಯಲಿಲ್ಲ. ಔಷಧ ವಿಜ್ಞಾನದವರು ಇದನ್ನು ಬೇಗ ಕೈಗೆತ್ತಿಕೊಂಡರು, ಅದಕ್ಕೆ ಕಾರಣವಿದೆ. ಒಂದೇ ಔಷಧ ಹರಳಾಗಿದ್ದರೆ ನೀರಿನಲ್ಲಿ ನಿಧಾನವಾಗಿ ಕರಗುತ್ತದೆ, ಹರಳಾಗದೆ ಗಾಜಿನಂತಿದ್ದರೆ ಬೇಗ ಕರಗುತ್ತದೆ. ಗಾಜಿನ ಸ್ಥಿತಿ ಅಸ್ಥಿರ. ದಾಸ್ತಾನಿನಲ್ಲಿರುವಾಗಲೇ ಮಾತ್ರೆಯ ಯಾವುದೋ ಮೂಲೆಯಲ್ಲಿ ಹರಳು ಮೂಡಬಹುದು. ಇಂಡೋಮೆಥಾಸಿನ್ ಎಂಬ ನೋವುನಿವಾರಕದ ಗಾಜು 45 ಡಿಗ್ರಿಯ ಸುತ್ತ ಮೆತ್ತಗಾಗುತ್ತದೆ, ಹರಳು ಕರಗಲು 160 ಡಿಗ್ರಿ ಬೇಕು. ಮೊನೆ ಎಲ್ಲಿ ಕುಸಿಯಿತು ಎಂದು ನೋಡಿದರೆ ಆ ಬಿಂದುವಿನಲ್ಲಿರುವುದು ಯಾವ ರೂಪ ಎಂದು ತಿಳಿಯುತ್ತದೆ. ಕ್ಯಾಲೊರಿಮೀಟರು ‘ಇಷ್ಟು ಪಾಲು ಹರಳಾಗಿದೆ’ ಎನ್ನುತ್ತಿತ್ತು, ಮೊನೆ ‘ಹರಳು ಇಲ್ಲಿದೆ’ ಎನ್ನುತ್ತದೆ. ಬೇಕೆಂದಾಗ ಮೊನೆಯನ್ನು ನೂರಾರು ಡಿಗ್ರಿ ಮೀರಿ ಕಾಯಿಸಿ, ಆ ಬಿಂದುವನ್ನೇ ಆವಿಯಾಗಿಸಿ, ಆವಿಯನ್ನು ಹಿಡಿದು ಮಾಸ್ ಸ್ಪೆಕ್ಟ್ರೋಮೀಟರಿಗೆ ಕಳಿಸುವ ಪ್ರಯೋಗಗಳೂ ಆಗಲೇ ನಡೆದವು. ಧೂಳಿನ ಕಣದಷ್ಟು ಜಾಗದ ರಸಾಯನ ಪರೀಕ್ಷೆ ಅದು.

ಇನ್ನೊಂದು ಜಾಣ ಉಪಾಯವನ್ನು ಹೇಳದೆ ಇರಲಾರೆ. ಮೊನೆಗೆ ಏರಿಳಿಯುವ ಉಷ್ಣ ಕೊಟ್ಟರೆ ಉಷ್ಣದ ಅಲೆ ವಸ್ತುವಿನೊಳಗೆ ಒಂದಿಷ್ಟು ಆಳಕ್ಕೆ ಹೋಗಿ ಸಾಯುತ್ತದೆ. ಏರಿಳಿತ ವೇಗವಾದಷ್ಟೂ ಆಳ ಕಡಿಮೆ. ಸಾಮಾನ್ಯ ಪ್ಲಾಸ್ಟಿಕ್ಕಿನಲ್ಲಿ ಸೆಕೆಂಡಿಗೆ ಹತ್ತು ಸಾವಿರ ಏರಿಳಿತಕ್ಕೆ ಎರಡು ಮೈಕ್ರೋಮೀಟರಿಗಿಂತ ತುಸು ಕಡಿಮೆ ಆಳ ಸಿಗುತ್ತದೆ. ಆವರ್ತನದ ತಿರುಪನ್ನು ತಿರುಗಿಸುತ್ತ ಮೇಲ್ಮೈಯ ಅಡಿಯಲ್ಲಿ ಹುದುಗಿದ್ದನ್ನೂ ತಡಕಬಹುದು.

ವೊಲಾಸ್ಟನ್ ತಂತಿಯ ಒರಟುತನವನ್ನು ಕಳೆದದ್ದು ಸಿಲಿಕಾನ್. ಇದಕ್ಕೂ ದಾರಿ ಬಂದದ್ದು ಬೇರೊಂದು ಕನಸಿನಿಂದ. ಜ್ಯೂರಿಕ್‌ನ ಐಬಿಎಂನವರು ಬಿಸಿ ಮೊನೆಯಿಂದ ಪಾಲಿಮರ್ ಪದರದಲ್ಲಿ ಸಣ್ಣ ಕುಳಿಗಳನ್ನು ಒತ್ತಿ ಮಾಹಿತಿ ಬರೆಯುವ ‘ಮಿಲಿಪೀಡ್’ ಯೋಜನೆಗೆ ಕೈಹಾಕಿದ್ದರು. 32 ಸಾಲು, ಸಾಲಿಗೆ 32, ಒಟ್ಟು 1024 ಮೊನೆಗಳು ಒಂದೇ ಚಿಪ್ಪಿನ ಮೇಲೆ. ಮಿಲಿಪೀಡ್ ಮಾರುಕಟ್ಟೆಗೆ ಬರಲೇ ಇಲ್ಲ, ಆದರೆ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಕಾದು ತಣಿಯುವ ಸಿಲಿಕಾನ್ ಕಡ್ಡಿ ಜಗತ್ತಿಗೆ ಉಳಿಯಿತು. ಅಮೆರಿಕದಲ್ಲಿ ವಿಲಿಯಂ ಕಿಂಗ್ ಅವರ ತಂಡ ಇಂಥ ಕಡ್ಡಿಗಳನ್ನು ಬೆಳೆಸಿತು. ಅನಾಸಿಸ್ ಎಂಬ ಸಣ್ಣ ಕಂಪನಿ ಅವುಗಳನ್ನು ನ್ಯಾನೋ ಥರ್ಮಲ್ ಅನಾಲಿಸಿಸ್ ಹೆಸರಿನಲ್ಲಿ ಪ್ರಯೋಗಾಲಯಗಳಿಗೆ ತಲುಪಿಸಿತು. ಈಗ ಹಿಸುಕುವ ಅಗುಳಿನ ಗಾತ್ರ 100 ನ್ಯಾನೋಮೀಟರಿಗಿಂತ ಕೆಳಗೆ. 2010ರಲ್ಲಿ ಜ್ಯೂರಿಕ್‌ನವರು ಇದೇ ಬಿಸಿ ಮೊನೆಯಿಂದ ಮ್ಯಾಟರ್‌ಹಾರ್ನ್ ಶಿಖರದ 25 ನ್ಯಾನೋಮೀಟರ್ ಎತ್ತರದ ಪ್ರತಿಕೃತಿಯನ್ನು ಕೆತ್ತಿದರು. ಅದು ಅಳತೆಯ ಕಥೆಯಲ್ಲ, ಆದರೆ ಈ ಮೊನೆಯ ಮೇಲೆ ಅವರಿಗಿದ್ದ ಹಿಡಿತಕ್ಕೆ ಸಾಕ್ಷಿ.

ಇನ್ನು ಮೊದಲನೆಯ, ಕಷ್ಟದ ಪ್ರಶ್ನೆ. ಬಿಸಿಯಾಗಿರುವ ಮೇಲ್ಮೈಗೆ ತಣ್ಣನೆಯ ಮೊನೆ ತಾಗಿಸಿದ್ದೇವೆ ಎನ್ನೋಣ. ಉಷ್ಣಕ್ಕೆ ಮೊನೆಯೊಳಗೆ ಬರಲು ಎಷ್ಟು ದಾರಿಗಳು! ಗಟ್ಟಿ ವಸ್ತುಗಳೆರಡು ತಾಗಿದ ಕೆಲವೇ ನ್ಯಾನೋಮೀಟರ್ ಅಗಲದ ಕುತ್ತಿಗೆ ಒಂದು. ಗಾಳಿಯ ತೇವ ಮೊನೆಯ ಬುಡದಲ್ಲಿ ಕಟ್ಟುವ ನೀರಿನ ಹನಿ ಇನ್ನೊಂದು. ಸುತ್ತಲಿನ ಗಾಳಿ ಮತ್ತೊಂದು. ಅದು ಮೊನೆಗಷ್ಟೇ ಅಲ್ಲ, ಅದರ ಮೇಲಿನ ಇಡೀ ಕಡ್ಡಿಗೂ ಬಿಸಿ ತಲುಪಿಸುತ್ತದೆ. 2002ರಲ್ಲಿ ಲಿ ಶಿ ಮತ್ತು ಮಜುಂದಾರ್ ಈ ದಾರಿಗಳನ್ನು ಬಿಡಿಸಿ ನೋಡಿದಾಗ, ಗಟ್ಟಿ ಸ್ಪರ್ಶದ ಜೊತೆಗೆ ಗಾಳಿಯೂ ನೀರೂ ಹೊತ್ತು ತರುವುದೂ ಗಣನೀಯ ಎಂದು ತಿಳಿಯಿತು. ಸ್ಪರ್ಶದ ದಾರಿಯೋ ತೀರ ಇಕ್ಕಟ್ಟು. ಕಡ್ಡಿಯ ಮೂಲಕ ಉಷ್ಣ ಹೊರಹೋಗುವ ದಾರಿಗಿಂತ ಸ್ಪರ್ಶದ ದಾರಿಯ ತಡೆ ನೂರು ಪಟ್ಟು ಹೆಚ್ಚಿದ್ದರೆ, ಮೇಲ್ಮೈ 10 ಡಿಗ್ರಿ ಏರಿದಾಗ ಮೊನೆ ಏರುವುದು ಸುಮಾರು 0.1 ಡಿಗ್ರಿ. ಉಳಿದದ್ದನ್ನು ಲೆಕ್ಕ ಹಾಕಿ ಪಡೆಯಬೇಕು, ಆ ಲೆಕ್ಕಕ್ಕೆ ಬೇಕಾದ ತಡೆಯ ಬೆಲೆ ಬಿಂದುವಿನಿಂದ ಬಿಂದುವಿಗೆ ಬದಲಾಗುತ್ತದೆ.

ಮೋಸ ನಡೆಯುವುದು ಇಲ್ಲಿ. ಮೊನೆ ಸಣ್ಣ ತಗ್ಗಿಗೆ ಇಳಿದಾಗ ಅದರ ಪಕ್ಕಗಳೂ ಗೋಡೆಗೆ ತಾಗಿ ಸ್ಪರ್ಶ ಹೆಚ್ಚುತ್ತದೆ. ಉಬ್ಬಿನ ನೆತ್ತಿಯಲ್ಲಿ ಸ್ಪರ್ಶ ಕುಗ್ಗುತ್ತದೆ. ಎಲ್ಲೆಡೆ ಒಂದೇ ವಸ್ತುವಿದ್ದರೂ ತಗ್ಗು ಒಳ್ಳೆಯ ಉಷ್ಣವಾಹಕದಂತೆ, ಉಬ್ಬು ಕೆಟ್ಟ ವಾಹಕದಂತೆ ಚಿತ್ರದಲ್ಲಿ ತೋರುತ್ತದೆ. ಕೆಂಪು ಹಳದಿಗಳಲ್ಲಿ ಬಣ್ಣ ಹಚ್ಚಿದ ಇಂಥ ಚಿತ್ರಗಳು ಕಣ್ಣಿಗೆ ಬಲು ಸೊಗಸು. ಏರುತಗ್ಗಿನ ಚಿತ್ರ ಪಕ್ಕದಲ್ಲಿಲ್ಲದ, ಸರಿತೂಗಿಸಿದ ವಿವರವಿಲ್ಲದ ಉಷ್ಣಚಿತ್ರವನ್ನು ನಾನು ಆಕಾರದ ಚಿತ್ರವೆಂದೇ ಓದುತ್ತೇನೆ, ಓದುಗರಿಗೂ ಅದನ್ನೇ ಹೇಳುತ್ತೇನೆ.

ಈ ಗಂಟು ಬಿಡಿಸಲು ಹಲವು ಕಡೆ ಹಲವು ರೀತಿ ಕೆಲಸ ನಡೆಯಿತು. ಕೆಲ್ವಿನ್ ಪಾಠ ಹೇಳಿದ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಜಾನ್ ವೀವರ್ ಮತ್ತು ಫಿಲ್ ಡಾಬ್ಸನ್, ರೋಧಕವೊಂದರ ಇಲೆಕ್ಟ್ರಾನುಗಳ ಗದ್ದಲದಿಂದಲೇ ಅದರ ನಿಜ ತಾಪ ತಿಳಿಯುವ ಪುಟ್ಟ ಸಾಧನವನ್ನು ಕಟ್ಟಿ, ಮೊನೆಯನ್ನು ಅದರ ಮೇಲಿಟ್ಟು ಪರೀಕ್ಷಿಸಿದರು. ಕೊರಿಯಾದ ಸಂಶೋಧಕರು ಶೂನ್ಯಬಿಂದು ವಿಧಾನ ತಂದರು. ಮೊನೆಯ ತಾಪವೂ ಮೇಲ್ಮೈಯ ತಾಪವೂ ಸಮವಾದಾಗ ಉಷ್ಣ ಯಾವ ಕಡೆಗೂ ಹರಿಯುವುದಿಲ್ಲ, ಹರಿವೇ ಇಲ್ಲದಾಗ ದಾರಿಯ ತಡೆ ಎಷ್ಟಿದ್ದರೇನು? ತಾಗುವ ಮುನ್ನವೂ ತಾಗಿದ ಬಳಿಕವೂ ಮೊನೆಯ ತಾಪ ಬದಲಾಗದ ಬಿಂದುವನ್ನು ಹುಡುಕಿದರೆ ಅದೇ ಮೇಲ್ಮೈಯ ತಾಪ. ಕೂಸಿನ ಸ್ನಾನಕ್ಕೆ ನೀರು ಹದ ಮಾಡುವವರು ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಎನ್ನಿಸುವವರೆಗೆ ಬೆರೆಸುತ್ತ ಮೊಣಕೈ ಅದ್ದಿ ನೋಡುವುದಿಲ್ಲವೇ, ಅದೇ ನ್ಯಾಯ. ಈ ಎಲ್ಲ ಉಪಾಯಗಳಲ್ಲಿ ನನಗೆ ಇದೇ ಹೆಚ್ಚು ಮೆಚ್ಚುಗೆ. ಜ್ಯೂರಿಕ್‌ನ ಫಾಬಿಯಾನ್ ಮೆಂಗೆಸ್ ಮತ್ತು ಬರ್ಂಡ್ ಗೋಟ್ಸ್‌ಮನ್ ಇನ್ನೊಂದು ದಾರಿ ಹಿಡಿದರು. ಸಾಧನಕ್ಕೆ ಏರಿಳಿಯುವ ವಿದ್ಯುತ್ ಕೊಟ್ಟು, ಮೊನೆಯ ಸಂಕೇತದಲ್ಲಿ ಏರಿಳಿಯುವ ಭಾಗವನ್ನೂ ನಿಂತ ಭಾಗವನ್ನೂ ಒಟ್ಟಿಗೆ ಅಳೆದರೆ, ಸ್ಪರ್ಶದ ತಡೆ ಲೆಕ್ಕದಿಂದ ತಾನೇ ಬಿದ್ದುಹೋಗುತ್ತದೆ. 2016ರಲ್ಲಿ ಅವರು ಕೆಲಸ ಮಾಡುತ್ತಿರುವ ನ್ಯಾನೋ ತಂತಿಗಳ ತಾಪವನ್ನು ಹೀಗೆ ನಕ್ಷೆಯಾಗಿಸಿದರು. ಯುರೋಪಿನಲ್ಲಿ 2013ರಿಂದ ನಾಲ್ಕು ವರ್ಷ, ಲಿಯಾನ್‌ನ ಸೆವೆರೀನ್ ಗೊಮೆಸ್ ಅವರ ಮುಂದಾಳತ್ವದಲ್ಲಿ ‘ಕ್ವಾಂಟಿಹೀಟ್’ ಎಂಬ ಯೋಜನೆ ನಡೆದದ್ದೂ ಈ ಅಳತೆಗಳಿಗೆ ಒಂದೇ ಮಾನದಂಡ ತರಲೆಂದೇ.

ನಿರ್ವಾತಕ್ಕೆ ಹೋದರೆ ಗಾಳಿಯೂ ನೀರೂ ಇಲ್ಲ, ಉಳಿಯುವುದು ಸ್ಪರ್ಶವೊಂದೇ. ಮಜುಂದಾರ್ ಅವರ ಬಳಿ ಪಿಎಚ್.ಡಿ. ಮಾಡಿ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದ ಪ್ರಮೋದ್ ರೆಡ್ಡಿ ಅವರ ತಂಡ 2012ರಲ್ಲಿ ಅತಿ ನಿರ್ವಾತದಲ್ಲಿ ಸುಮಾರು 10 ನ್ಯಾನೋಮೀಟರ್ ವಿವರದ, ಡಿಗ್ರಿಯ ನೂರನೇ ಒಂದು ಭಾಗದ ಮಟ್ಟದ ತಾಪ ಅಳತೆ ಸಾಧಿಸಿತು. ಅಲ್ಲಿಂದ ಮುಂದಿನ ಹೆಜ್ಜೆಗಳು ಬೆರಗು ಹುಟ್ಟಿಸುತ್ತವೆ. 2017ರಲ್ಲಿ ಮಿಶಿಗನ್‌ನವರೂ ಜ್ಯೂರಿಕ್‌ನವರೂ ಬೇರೆಬೇರೆಯಾಗಿ, ಚಿನ್ನದ ಮೊನೆಯನ್ನು ಚಿನ್ನದಿಂದ ಮೆಲ್ಲಗೆ ಎಳೆದು, ನಡುವೆ ಒಂದೇ ಪರಮಾಣು ಉಳಿಯುವ ಕ್ಷಣದಲ್ಲಿ ಹರಿಯುವ ಉಷ್ಣವನ್ನು ಅಳೆದರು. ಕೋಣೆಯ ತಾಪದಲ್ಲಿ ಅದು ಡಿಗ್ರಿಗೆ ಸುಮಾರು 0.6 ನ್ಯಾನೋವಾಟ್; ಕ್ವಾಂಟಂ ಸಿದ್ಧಾಂತ ಹೇಳಿದ ಮೆಟ್ಟಿಲಿನ ಮೇಲೆಯೇ ಬಂದು ನಿಂತ ಸಂಖ್ಯೆ. ಎರಡು ವರ್ಷ ಕಳೆದು ಒಂಟಿ ಅಣುವಿನ ಮೂಲಕ ಹರಿಯುವ ಉಷ್ಣವನ್ನೂ ಅಳೆದಾಯಿತು. ಇಂಗಾಲದ ಸರಪಳಿ ಉದ್ದವಾದರೂ ಆ ಹರಿವು ಹೆಚ್ಚುಕಡಿಮೆ ಬದಲಾಗುವುದಿಲ್ಲ ಎಂಬುದು ಅದರ ಫಲಿತಾಂಶ. ದಪ್ಪ ಗೋಡೆಯೊಳಗೆ ಉಷ್ಣ ಹೆಜ್ಜೆಹೆಜ್ಜೆಗೆ ಎಡವುತ್ತ ಸಾಗುತ್ತದೆ, ಅಣುವಿನಲ್ಲಿ ಎಡವದೆ ಹಾಯುತ್ತದೆ.

ಚಿಕ್ಕ ಜಾಗದ ಬಿಸಿ ತಿಳಿಯುವುದು ಬೆಂಗಳೂರಿಗೂ ಹತ್ತಿರದ ವಿಷಯ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬಂದಂದಿನಿಂದ ಈ ಊರು ಚಿಪ್ಪುಗಳ ವಿನ್ಯಾಸದಿಂದ ಅನ್ನ ಉಣ್ಣುತ್ತಿದೆ; ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ಯಾಲಿಯಂ ನೈಟ್ರೈಡ್ ಟ್ರಾನ್ಸಿಸ್ಟರುಗಳ ಮೇಲೆ ವರ್ಷಗಳಿಂದ ಸಂಶೋಧನೆ ನಡೆದಿದೆ. ಹೆಚ್ಚು ವಿದ್ಯುತ್ ಹೊರುವ ಈ ಸಾಧನಗಳಲ್ಲಿ ಗೇಟಿನ ಅಂಚಿನ ಒಂದು ಚಿಕ್ಕ ಜಾಗ ಉಳಿದೆಲ್ಲ ಕಡೆಗಿಂತ ಬಹಳ ಹೆಚ್ಚು ಕಾಯುತ್ತದೆ, ಸಾಧನದ ಆಯುಷ್ಯವನ್ನು ಆ ಜಾಗವೇ ನಿರ್ಧರಿಸುತ್ತದೆ. ಚಿಪ್ಪಿನ ಸರಾಸರಿ ತಾಪ ನೋಡಿ ಸಮಾಧಾನಪಡುವವರು ಆ ಬಿಂದುವನ್ನು ಕಾಣುವುದಿಲ್ಲ.

ಇಷ್ಟು ಚಿಕ್ಕ ಅಳತೆಗೆ ಇಳಿದಾಗ ‘ತಾಪ’ ಎಂಬ ಪದವೇ ಅಲುಗಾಡತೊಡಗುತ್ತದೆ. ಹರಳಿನಲ್ಲಿ ಉಷ್ಣ ಹೊರುವುದು ಪರಮಾಣುಗಳ ನಡುಗು, ಅಂದರೆ ಫೋನಾನುಗಳು. ಸಿಲಿಕಾನಿನಲ್ಲಿ ಅವುಗಳಲ್ಲಿ ಅನೇಕವು ನೂರಾರು ನ್ಯಾನೋಮೀಟರ್ ದೂರ ಯಾರಿಗೂ ಡಿಕ್ಕಿ ಹೊಡೆಯದೆ ಸಾಗುತ್ತವೆ. ಡಿಕ್ಕಿಗಳಿಂದಲೇ ತಾಪ ಸಮವಾಗುವುದು. ಡಿಕ್ಕಿಯಾಗುವಷ್ಟು ಜಾಗವಿಲ್ಲದ 10 ನ್ಯಾನೋಮೀಟರಿನ ಬಿಂದುವಿಗೆ ತಾಪ ಇಷ್ಟು ಎಂದು ಬರೆಯುವಾಗ, ಅದು ಯಾವ ಫೋನಾನುಗಳ, ಯಾವ ಇಲೆಕ್ಟ್ರಾನುಗಳ ತಾಪ ಎಂದು ಕೇಳಲೇಬೇಕಾಗುತ್ತದೆ.

ಆ ಕೇಳುವಿಕೆಯಿಂದ ಹುಟ್ಟಿದ ಅತ್ಯಂತ ಸುಂದರ ಚಿತ್ರಗಳು ಬಂದದ್ದು ಮುಟ್ಟದ ಮೊನೆಯೊಂದರಿಂದ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಎಲಿ ಜೆಲ್ಡೋವ್ ಅವರ ತಂಡ 2016ರಲ್ಲಿ, ಗಾಜಿನ ಸೂಜಿಯ ತುದಿಯಲ್ಲಿ 50 ನ್ಯಾನೋಮೀಟರಿಗೂ ಚಿಕ್ಕದಾದ ಅತಿವಾಹಕ ಉಂಗುರವನ್ನು ಕೂರಿಸಿತು. ಸೊನ್ನೆ ಕೆಲ್ವಿನ್‌ಗಿಂತ ನಾಲ್ಕು ಡಿಗ್ರಿಯಷ್ಟೇ ಮೇಲಿನ ಚಳಿಯಲ್ಲಿ, ಸುತ್ತ ತೆಳುವಾದ ಹೀಲಿಯಂ ಅನಿಲ ತುಂಬಿ, ಮೇಲ್ಮೈಯಿಂದ ಹತ್ತಾರು ನ್ಯಾನೋಮೀಟರ್ ಮೇಲೆ ಅದನ್ನು ತೇಲಿಸಿದರು. ಬಿಸಿಯ ಸುದ್ದಿಯನ್ನು ಹೀಲಿಯಂ ತಂದುಕೊಡುತ್ತದೆ, ಡಿಗ್ರಿಯ ದಶಲಕ್ಷದಲ್ಲೊಂದು ಭಾಗದ ವ್ಯತ್ಯಾಸವನ್ನೂ ಉಂಗುರ ಅರಿಯುತ್ತದೆ. ಮರುವರ್ಷ ಗ್ರಾಫೀನ್ ಎಂಬ ಇಂಗಾಲದ ಹಾಳೆಯ ಮೇಲೆ ಈ ಮೊನೆ ನಡೆದಾಗ ಅಂಚಿನುದ್ದಕ್ಕೂ ಪುಟ್ಟ ಪುಟ್ಟ ಬೆಚ್ಚನೆಯ ಬಳೆಗಳು ಮೂಡಿದವು. ಒಂದೊಂದು ಬಳೆಯ ನಡುವೆಯೂ ಗ್ರಾಫೀನಿನ ಒಂದು ಪರಮಾಣುವಿನಷ್ಟು ಚಿಕ್ಕ ಕೊರತೆಯಿತ್ತು, ಇಲೆಕ್ಟ್ರಾನುಗಳು ತಮ್ಮ ಶಕ್ತಿಯನ್ನು ಉಷ್ಣವಾಗಿ ಇಳಿಸಿಹೋಗುತ್ತಿದ್ದದ್ದು ಅಲ್ಲಿ.